ಹೊಸ್ತಿಲಲ್ಲಿ ಉಳಿದ ಒಡಪು

ಮಧುಮತಿ ಗಂಡನ ಎಡಗೈ ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾಗ ಓಣಿಯ ಮಗ್ಗಗಳು ಒಂದರ ಹಿಂದೊಂದು ನಿಂತವು. ಮೊದಲು ಎದುರು ಮನೆಯ ಸತ್ಯವ್ವನವು, ಆಮೇಲೆ ಮೂಲೆಯವು. ಹೆಣ ಮಣ್ಣಾಗುವ ತನಕ ಬನಹಟ್ಟಿಯ ಈ ಓಣಿಯಲ್ಲಿ ಯಾರೂ ಮಗ್ಗ ಹಾಕುವುದಿಲ್ಲ.

ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದವು. ಉಳಿದ ಮೈಯೆಲ್ಲ ಬೆಳಗಿನಿಂದ ಯಾರದೋ ಎಂಬಂತೆ ಕಂಡರೂ ಆ ಜಡ್ಡು ಮಾತ್ರ ದಶರಥನದೇ ಆಗಿತ್ತು. ಅವಳು ಅದನ್ನೇ ಮತ್ತೆ ಮತ್ತೆ ಒರೆಸಿದಳು.

ದಶರಥನನ್ನು ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದರು. ಅವನ ತಲೆಯ ಮೇಲೆ ಮೊಳೆಗೆ ಗಿಟಾರ್ ತೂಗುಬಿದ್ದಿತ್ತು. ಮಗ್ಗ ನಡೆದಾಗ ಗೋಡೆ ನಡುಗಿ ಅದರ ತಂತಿಗಳು ಗುಂಯ್‌ಗುಡುತ್ತಿದ್ದವು. ಹೆಂಡತಿಯ ನಿದ್ದೆ ಕೆಡಬಾರದೆಂದು ಅವನು ಬಾರಿಸಿ ಮುಗಿಸಿದೊಡನೆ ಹಳೆ ಸೀರೆಯ ಚೂರೊಂದನ್ನು ಮಡಿಸಿ ತಂತಿಗಳ ಸಂದಿಗೆ ತುರುಕುತ್ತಿದ್ದ. ಅದು ಇವತ್ತೂ ಅಲ್ಲೇ ಇತ್ತು.

"ಕಾಕೂ, ಎರಡ ಗುಟಕ ಕುಡೀರಿ." ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲವೆಂದು ಪಕ್ಕದ ಮನೆಯ ಅನುರಾಧಾ ಚಹಾ ತಂದಿದ್ದಳು. ಮಧುಮತಿ ಒದ್ದೆ ಬಟ್ಟೆ ಕೆಳಗಿಡದ್ದನ್ನು ಕಂಡು ಕಪ್ಪನ್ನು ತಾನೇ ಹಿಡಿದು ಕುಡಿಸಿದಳು.

ದಶರಥ ಹಗಲೆಲ್ಲ ನೂಲಿನ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ. ಮದುವೆಗಳ ಕಾಲದಲ್ಲಿ ಜಮಖಂಡಿ, ಮುಧೋಳದ ಕಡೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ. ತಾನೇ ಹಾಡು ಕಟ್ಟುತ್ತಿದ್ದ; ಆದರೆ ಮದುವೆ ಜನಕ್ಕೆ ಸಿನಿಮಾ ಹಾಡೇ ಬೇಕು.

"ಸ್ಟೇಜಿನ ಮ್ಯಾಲ ಹಿಂದ ಕುಂದರತಿದ್ರು," ಎಂದ ಅದೇ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುವ ಪರಮಾನಂದ. "ಹಾರದಾಗ ಇಡಾಕ ಅಂತ ಮುಂಜಾನಿಂದ ಫೋಟೋ ಹುಡಕಾಕತ್ತೇನ್ರಿ. ಒಂದ್ರಾಗೂ ಮಾರಿ ಇಲ್ಲ. ಗಿಟಾರಿನ ತುದಿ ಅಷ್ಟ ಐತಿ."

ಊರು ಅವನಿಂದ ಕೇಳಿ ಪಡೆದದ್ದು ಒಡಪು ಮಾತ್ರ. ಗಂಡನ ಹೆಸರನ್ನು ಹಾಗೇ ಎತ್ತಬಾರದೆಂದು ಹೆಣ್ಣುಮಕ್ಕಳು ಪ್ರಾಸದೊಳಗೆ ಕೂಡಿಸಿ ಹೇಳುವ ಸಾಲುಗಳವು.

"ನಮ್ಮವರ ಹೆಸರ ಸಾಹೇಬ ಅಂತ ಮುಗೀತೈತಿ," ಎಂದಳು ಅನುರಾಧಾ. "ಅದಕ್ಕ ಪ್ರಾಸ ಹುಡಕಾಕ ಕಾಕಾ ಎರಡ ಸಲ ಚಾ ಕುಡದ್ರು. ಕಡೀಕ ಗುಲಾಬ ತಂದು ಜೋಡಿಸಿದ್ರು."

"ಆ ನಿನ್ನ ಗಂಡನ ಮಾರಿಗೆ ಗುಲಾಬ!" ಎಂದಳು ಸತ್ಯವ್ವ. ಹೆಂಗಸರು ನಕ್ಕು, ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸತ್ಯವ್ವ ಮಧುಮತಿಯ ಬೆನ್ನ ಮೇಲೆ ಕೈಯಿಟ್ಟಳು. "ಅತ್ತಬಿಡ ತಂಗಿ. ಹಿಂಗ ಬಿಮ್ಮನ ಕುಂತರ ಎದಿ ಒಡೀತೈತಿ. ಓಣ್ಯಾಗಿನ ಎಲ್ಲಾರಿಗೂ ಒಡಪ ಕೊಟ್ಟ. ನಿನಗ ಎಂಥಾದ ಕೊಟ್ಟಿದ್ದ?"

ಮಧುಮತಿ ಹೊಸ್ತಿಲ ಕಡೆ ನೋಡಿದಳು.

*

ಅವರ ಮದುವೆ ಮುಗಿದು ಬೀಳಗಿಯಿಂದ ದಿಬ್ಬಣ ಬರುವಾಗ ಟೆಂಪೋದಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ದಶರಥ ಅವಳ ಕಿವಿಯ ಹತ್ತಿರ ಬಾಗಿ ನಾಲ್ಕು ಸಾಲು ಗುನುಗಿದ್ದ. "ಹೊಸ್ತಲದಾಗ ಇದನ್ನ ಹೇಳು. ಇದು ಮಂದೀದಲ್ಲ, ನಿಂದು."

ಅವಳು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಆದರೆ ಹೊಸ್ತಿಲಲ್ಲಿ, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಹೆಂಗಸರು ಬಾಗಿಲು ಕಟ್ಟಿ ನಿಂತಾಗ ಅವರ ಹಿಂದೆ ಆರ್ಕೆಸ್ಟ್ರಾದ ಹುಡುಗರು ಕಿಸಕ್ಕನೆ ನಗುತ್ತಿದ್ದರು. ಅವಳ ಮುಖ ಬಿಸಿಯಾಯಿತು. ಯಾರೋ ಹೇಳಿಕೊಟ್ಟ ಬೆಳ್ಳಿ ಬಟ್ಟಲಿನ ಸಾಲೊಂದನ್ನು ಒಪ್ಪಿಸಿ ಒಳಗೆ ಬಂದುಬಿಟ್ಟಳು. ಎಲ್ಲರೊಂದಿಗೆ ಅವನೂ ನಕ್ಕ.

ಮತ್ತೆಂದೂ ಅವನು ಕೇಳಲಿಲ್ಲ. ಆದರೆ ಸಂಜೆ ಗಿಟಾರ್ ಹಿಡಿದರೆ ಆ ನಾಲ್ಕು ಸಾಲಿನ ಧಾಟಿಯನ್ನು ಒಮ್ಮೆ ಬಾರಿಸುತ್ತಿದ್ದ. ಹೆಸರು ಬರುವ ಜಾಗದಲ್ಲಿ ಬೆರಳು ನಿಲ್ಲಿಸುತ್ತಿದ್ದ. ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮಧುಮತಿಯ ಕೈಯೂ ನಿಲ್ಲುತ್ತಿತ್ತು. ತುಟಿ ಮಾತ್ರ ಆಡುತ್ತಿತ್ತು. ಹೇಳಿದರೂ ಮಗ್ಗದ ಸಪ್ಪಳದಲ್ಲಿ ಕೇಳಿಸುವುದಿಲ್ಲ, ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು.

*

"ಹೊತ್ತ ಮುಳಗೂದ್ರಾಗ ಮಣ್ಣ ಆಗಬೇಕ್ರಿ, ಎತ್ತರಿ," ಎಂದು ಹೊರಗಿನಿಂದ ಯಾರೋ ಕೂಗಿದರು.

ಕುಳಿತ ಭಂಗಿಯಲ್ಲೇ ದಶರಥನನ್ನು ಎತ್ತಿದರು. ಹೆಂಗಸರು ಬಾಗಿಲ ತುಂಬ ನಿಂತಿದ್ದರು. ಭಜನೆಯವರ ತಾಳ ಜೋರಾಯಿತು.

"ಒಂದೀಟ ತಡೀರಿ," ಎಂದಳು ಮಧುಮತಿ.

ಕಡೆಗೂ ಅಳುತ್ತಾಳೆ ಎಂದು ಅನುರಾಧಾ ಹಿಡಿದುಕೊಳ್ಳಲು ಬಂದಳು. ಮಧುಮತಿ ಅವಳ ಕೈಯನ್ನು ಮೆಲ್ಲಗೆ ಸರಿಸಿ ಹೊಸ್ತಿಲಿಗೆ ಬಂದು ಗಂಡನ ಎದುರು ನಿಂತಳು. ತಾಳ ನಿಂತಿತು. ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಅವಳು ಅದೇ ಧಾಟಿಯಲ್ಲಿ ಹೇಳತೊಡಗಿದಳು.

"ಮಗ್ಗದ ಸಪ್ಪಳದಾಗ ಮಾತ ಕೇಳಂಗಿಲ್ಲ,
ಕಣ್ಣಾಗ ಕರದರ ನಾ ತಡಾ ಮಾಡಂಗಿಲ್ಲ,
ಬಾಗಿಲಾ ಬಿಡ್ರೆವ್ವಾ, ಹೊತ್ತಾತ ಹೋಗಾಕ…"

ಹೆಸರು ಬರುವ ಜಾಗದಲ್ಲಿ ಅವಳು ನಿಂತಳು. ಪರಮಾನಂದ ತಲೆ ತಗ್ಗಿಸಿದ. ಆ ಧಾಟಿ ಅವನಿಗೆ ಗೊತ್ತಿತ್ತು. ಎಷ್ಟೋ ಊರುಗಳಲ್ಲಿ, ಮೈಕು ಹಚ್ಚುವ ಮೊದಲು, ದಶರಥ ಶ್ರುತಿ ನೋಡಿಕೊಳ್ಳುತ್ತಿದ್ದದ್ದು ಅದರಲ್ಲೇ.

"ದಶರಥರಾಯರು ನಿಂತಾರ ಕಾಯಾಕ."

ಸಾವಿನ ಹೊತ್ತಿಗೆ ಒಡಪು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಹಿರಿಯಳಾದ ಸತ್ಯವ್ವನ ಮುಖವನ್ನೇ ಎಲ್ಲರೂ ನೋಡಿದರು. ಅವಳು ಕಣ್ಣೊರೆಸಿಕೊಂಡು, ಹೊಸ ಮದುಮಗಳ ಮುಂದೆ ಹೇಳುವಂತೆ ಹೇಳಿದಳು: "ಹೆಸರ ಹೇಳ್ಯಾಳ. ಬಾಗಿಲಾ ಬಿಡ್ರೇ."

ಹೆಂಗಸರು ಎರಡೂ ಕಡೆ ಸರಿದು ದಾರಿ ಬಿಟ್ಟರು.

*

ಮಣ್ಣಿಗೆ ಹೋದವರು ಮರಳಿ ಬಂದರು. ಮನೆ ಖಾಲಿಯಾಗುತ್ತ ಬಂತು. ಸತ್ಯವ್ವ ಬಾಗಿಲಲ್ಲಿ ಹಣಿಕಿ ಹಾಕಿದಳು.

"ಇವತ್ತ ಮಗ್ಗ ಹಾಕಂಗಿಲ್ಲ ತಗೋ. ನಿನಗ ತ್ರಾಸ ಆಗತೈತಿ."

"ಹಾಕ್ರಿ ಅಕ್ಕಾ."

"ಖರೇನ?"

"ಹಾಕ್ರಿ."

ಸತ್ಯವ್ವ ಹೋದ ಮೇಲೆ ಮಧುಮತಿ ಗೋಡೆಯ ಹತ್ತಿರ ಬಂದಳು. ಮೊಳೆಯಲ್ಲಿದ್ದ ಗಿಟಾರನ್ನು ಅಲುಗಿಸದೆ, ತಂತಿಗಳ ಸಂದಿಯಿಂದ ಬಟ್ಟೆಯ ಚೂರನ್ನು ಎಳೆದು ಮಡಿಲಲ್ಲಿಟ್ಟುಕೊಂಡು, ದಶರಥನನ್ನು ಕೂಡಿಸಿದ್ದ ಜಾಗದಲ್ಲೇ ಬೆನ್ನು ಆನಿಸಿ ಕುಳಿತಳು.

ಎದುರು ಮನೆಯಲ್ಲಿ ಮಗ್ಗ ಮೊದಲ ಪೆಟ್ಟು ಹಾಕಿತು. ಬೆನ್ನ ಹಿಂದಿನ ಗೋಡೆ ನಡುಗಿತು. ಅವಳ ತಲೆಯ ಮೇಲೆ ಆರೂ ತಂತಿಗಳು ಮೆಲ್ಲಗೆ ಗುಂಯ್‌ಗುಡತೊಡಗಿದವು.