ನಿರ್ದೇಶಕರು ಕುಡಿದ ನೀರು

ಶಿವಶಂಕರ ನಮ್ಮೂರಿಗೆ ಬರುತ್ತಾನೆ ಎಂದಾಗಲೇ ನನಗೆ ಅನುಮಾನ ಬಂತು. ಹುಣಸೂರಿನ ಕಾಲೇಜಿನಲ್ಲಿ ನನ್ನ ಪಕ್ಕ ಕೂತು ಓದಿದವನು. ಕೆಮಿಸ್ಟ್ ಆಗಿದ್ದಾಗ ಗಾವಡಗೆರೆ ಸುತ್ತಮುತ್ತ ಬಾವಿ ಬಾವಿಗೆ ಬಗ್ಗಿ ಸೀಸೆಯಲ್ಲಿ ನೀರು ಹಿಡಿಯುತ್ತಿದ್ದ. ಮೂಸಿ ನೋಡದೆ ನಮ್ಮ ಮನೆಯ ಮಜ್ಜಿಗೆಯನ್ನೂ ಕುಡಿಯುತ್ತಿರಲಿಲ್ಲ, ಪುಣ್ಯಾತ್ಮ! ಆಮೇಲೆ ಕುರ್ಚಿ ಸಿಕ್ಕಿತು. ಈಗ ನೀರು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯಕ್ಕೇ ನಿರ್ದೇಶಕ. ಸೀಸೆ ಬಿಟ್ಟು ಸಹಿ ಹಾಕುತ್ತಾನೆ.

ಊರಾಚೆ ಬಣ್ಣದ ಕಾರ್ಖಾನೆ ಶುರುವಾದ ಮೇಲೆ ನಮ್ಮ ಬೀದಿಯ ಬೋರಿನ ನೀರು ನಾತ ಹೊಡೆಯುತ್ತಿತ್ತು. ಅದನ್ನು ಕುಡಿದೇ ನನ್ನ ಮಗಳು ರೂಪಶ್ರೀ ಆಸ್ಪತ್ರೆ ಸೇರಿ ಬಂದಿದ್ದಳು. ನೀರು ಚೆನ್ನಾಗಿದೆ ಎಂದು ಇವನ ಆಫೀಸು ಬರೆದುಕೊಟ್ಟಿತ್ತು. ಅದನ್ನೇ ಊರಿಗೆ ಹೇಳಲು ಜೀಪಿನಲ್ಲಿ ಬರುತ್ತಿದ್ದ. ಕಾರ್ಖಾನೆಯವರು ಇವನಿಗೆ ಏನು ತಿನ್ನಿಸಿದ್ದರೋ!

"ಬೋರಿನ್ ನೀರೇ ಕೊಡು. ಕುಡಿತಾನಾ ನೋಡವ," ಎಂದು ಹೆಂಡತಿ ಸುನಂದಮ್ಮನಿಗೆ ಹೇಳಿಟ್ಟಿದ್ದೆ.

ಬಂದು ನಮ್ಮ ಜಗಲಿ ಮೇಲೆ ಕೂತ. ಬೀದಿಯ ಜನವೆಲ್ಲ ಸುತ್ತ ಸೇರಿದರು. ಸುನಂದಮ್ಮ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟಳು. "ಬೋರಿಂದೇ ಕಣಪ್ಪ," ಎಂದೆ. ಬೆಲ್ಲ ಬಾಯಿಗೆ ಹಾಕಿಕೊಂಡು, ಮೂಸದೆ ಗಟಗಟ ಕುಡಿದುಬಿಟ್ಟ!

"ನೋಡ್ರಪ್ಪಾ, ನಿಮ್ ಬೋರಿನ ನೀರೇ ಕುಡಿದಿದ್ದೀನಿ. ಏನಾಯ್ತು ನನಗೆ?"

"ಬುಡ್ಲಾ ದೇವರಾಜ, ಇನ್ಮೇಲೆ ನೀರು ನೀರು ಅಂತ ಸುಮ್ಕೆ ಕೂಗಾಡ್ಬೇಡ," ಎಂದು ಪಕ್ಕದ ಮನೆಯ ಲಿಂಗಣ್ಣ ನನಗೇ ಗದರಿದ. ಜನವೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಸುನಂದಮ್ಮನ ಮುಖ ಕಪ್ಪಿಟ್ಟಿತ್ತು. "ತೋಟದ ಬಾವಿ ನೀರು ಕಣ್ರೀ," ಎಂದು ಪಿಸುಗುಟ್ಟಿದಳು. "ಬಾಗ್ಲಿಗ್ ಬಂದೋರ್ಗೆ ಆ ಇಸ ಕೊಡಕ್ಕೆ ಕೈ ಬರ್ನಿಲ್ಲ."

ಅಷ್ಟರಲ್ಲಿ ರೂಪಶ್ರೀ ಬೋರಿನ ಹತ್ತಿರ ಬೊಗಸೆಯೊಡ್ಡಿ ನಿಂತಿದ್ದಳು. "ಸಾಯೇಬ್ರೇ ಕುಡುದ್ರಲ್ಲವ್ವ!"

ಸುನಂದಮ್ಮ ಓಡಿಹೋಗಿ ಆ ಬೊಗಸೆಯನ್ನು ಬಡಿದು ಚೆಲ್ಲಿದಳು. ಅದೇ ಚೊಂಬಿಗೆ ಬೋರಿನ ನೀರು ಹಿಡಿದು ತಂದು ಶಿವಶಂಕರನ ಕೈಗೆ ಕೊಟ್ಟಳು.

"ಆಗ್ಲೇ ಕೊಟ್ಟಿದ್ದು ನನ್ ಮಗೀಗೆ ಅಂತ ತೋಟದಿಂದ ಒತ್ಕೊಂಡ್ ಬಂದಿದ್ ನೀರು ಕಣಣ್ಣ. ಬೋರಿಂದು ಇದು. ಈಗ ಕುಡೀರಿ."

ಶಿವಶಂಕರ ಚೊಂಬನ್ನು ಕೆಮಿಸ್ಟ್ ಆಗಿದ್ದಾಗಿನಂತೆಯೇ ಮೊದಲು ಮೂಗಿಗೆ ಹಿಡಿದ. ಅದು ಅಲ್ಲಿಂದ ಬಾಯಿಗೆ ಬರಲಿಲ್ಲ. ಲಿಂಗಣ್ಣ ತಲೆ ತಗ್ಗಿಸಿದ.

"ನಾಳೆನೇ ಬೋರ್ ಮುಚ್ಚಿಸ್ತೀನಿ ಕಣೋ," ಎಂದು ಶಿವಶಂಕರ ಮೇಲೆದ್ದ.

"ನಿನ್ನ ನಂಬಿದ್ದು ಸಾಕು. ಈಗ್ಲೇ ಆಗ್ಬೇಕು," ಎಂದು ಜೀಪಿಗೆ ಅಡ್ಡ ನಿಂತೆ. ಊರವರು ಬೋರಿನ ಕೈಪಂಪಿನ ಹಿಡಿ ಬಿಚ್ಚಿ ಅವನ ಜೀಪಿಗೆ ಹಾಕುವವರೆಗೂ ದಾರಿ ಬಿಡಲಿಲ್ಲ.