ಅಕಿನಿಸಿಯ ಪಾಲು

ವಿಮಾನದ ಎಣ್ಣೆಯ ವಾಸನೆ ಮೂಗಿಗೆ ಬಿದ್ದರೆ ಚಿಕ್ಕಂದಿನಲ್ಲಿ ಸಿಯಾಸಿಯ ಬಾಯಲ್ಲಿ ನೀರೂರುತ್ತಿತ್ತು. ಆ ವಾಸನೆಯ ಬೆನ್ನಿಗೇ ಕಿತ್ತಳೆ ಹಣ್ಣು ಬರುತ್ತಿತ್ತು, ದಕ್ಷಿಣದ ಆಸ್ಪತ್ರೆಗೆ ಹೋದವರು ಗುಣವಾಗಿ ಬರುತ್ತಿದ್ದರು. ಇವತ್ತು ಡ್ರಮ್ಮುಗಳ ಅದೇ ವಾಸನೆಗೆ ಮುಖ ತಿರುಗಿಸಿದಳು. ತನ್ನ ಹಿಮಬಂಡಿಯನ್ನು ವಿಮಾನ ನಿಲ್ದಾಣದ ಸರಕಿನ ಗೇಟಿಗೆ ಅಡ್ಡ ನಿಲ್ಲಿಸಿ, ಬೀಗದಕೈ ಕಿತ್ತು ಕೈಗವಸಿನೊಳಗೆ ತುರುಕಿಕೊಂಡಳು.

“ಅಕ್ಕಾ, ತೆಗಿಯಕ್ಕಾ ಬಂಡೀನ. ಇನ್ನೇನು ವಿಮಾನ ಬಂತು,” ಎಂದ ಜೋಬಿ. ರಸ್ತೆಯೇ ಇಲ್ಲದ ಆ ಉತ್ತರದ ಹಿಮದೂರಿನಲ್ಲಿ ವಿಮಾನ ಕಂಪನಿಗಿದ್ದ ಒಬ್ಬನೇ ನೌಕರ ಅವನು.

“ಬರ್ಲಿ. ಮೊದಲು ನಮ್ಮಮ್ಮ ಇಳೀಬೇಕು. ಆಮೇಲೆ ನಿನ್ನ ಸೋಡಾ ಡಬ್ಬಿ.”

“ನಾನೇನು ಮಾಡ್ಲಿ? ತೂಕ ಜಾಸ್ತಿ ಆಯ್ತು ಅಂದ್ರು.”

“ಎರಡು ಸಲ ವಿಮಾನ ಬಂತಲ್ಲೋ! ಚಿಪ್ಸು ಬಂತು, ಸೋಡಾ ಬಂತು, ಗಣಿಯವರ ಕಬ್ಬಿಣ ಬಂತು. ನಮ್ಮಮ್ಮ ಒಬ್ಬಳು ಭಾರ ಆದ್ಲಾ? ಸಾಯೋ ಹೊತ್ತಿಗೆ ಹಕ್ಕಿಯಷ್ಟಿದ್ಲು.”

ಜೋಬಿ ತಲೆ ತಗ್ಗಿಸಿದ. ಹಿಂದೆ ನಿಂತಿದ್ದ ಸೋದರಮಾವ ಮಾಕುಸಿ ಸೊಂಟ ಒತ್ತಿಕೊಂಡ. “ಗುಂಡಿ ತೋಡಿದ್ದೂ ಆಯ್ತು, ಅದರಲ್ಲಿ ಹಿಮ ತುಂಬ್ಕೊಂಡಿದ್ದೂ ಆಯ್ತು, ಅದನ್ನ ತೆಗೆದಿದ್ದೂ ಆಯ್ತು. ಇವತ್ತೂ ಅಕ್ಕ ಬರದಿದ್ರೆ ಅದರಲ್ಲಿ ನಾನೇ ಮಲಗ್ತೀನಿ. ಮತ್ತೆ ತೋಡೋ ಶಕ್ತಿ ಇಲ್ಲ. ಪಾಪ, ಈ ಹುಡುಗನ್ನ ಬೈದು ಏನು ಬಂತು? ದಕ್ಷಿಣದಲ್ಲಿ ಕೂತಿರೋರನ್ನ ಬೈ.”

“ಅವರು ಫೋನೇ ಎತ್ತಲ್ಲ ಮಾವ. ಚಿಕ್ಕಮ್ಮ ಎತ್ತಿದ್ಲು. ಅವಳಿಗೇ ಬೈದೆ.”

ಚಿಕ್ಕಮ್ಮ ಎಂದರೆ ಅಕಿನಿಸಿ, ಆಸ್ಪತ್ರೆಗೆ ಅಕ್ಕನ ಜೊತೆ ಹೋದವಳು. ‘ಅಮ್ಮನ್ನ ಅಲ್ಲಿ ಬಿಟ್ಟು ನೀನೊಬ್ಬಳೇ ಬಂದ್ರೆ ನಿನ್ನ ಮುಖ ನೋಡಲ್ಲ’ ಎಂದಿದ್ದಳು ಸಿಯಾಸಿ. ಉತ್ತರಕ್ಕೂ ಕಾಯದೆ ಫೋನು ಇಟ್ಟಿದ್ದಳು.

*

ಸಿಯಾಸಿಯ ಅಮ್ಮ ಅಲಾಸಿ ಊರಿನ ಶಾಲೆಯ ನೆಲ ಒರೆಸುತ್ತಿದ್ದವಳು. ವಿಮಾನದ ಸದ್ದು ಕೇಳಿದರೆ ಒರೆಸುವ ಕೋಲನ್ನು ಗೋಡೆಗಾನಿಸಿ ಹೊರಟುಬಿಡುತ್ತಿದ್ದಳು.

“ಯಾರು ಬರ್ತಾರೆ ಅಂತ ಓಡ್ತೀಯಮ್ಮ?” ಎಂದು ಮಗಳು ರೇಗಿದರೆ, “ಇಳಿದೋರನ್ನ ಕರ್ಕೊಂಡು ಹೋಗೋಕೆ ಯಾರೂ ಇಲ್ಲದಿದ್ರೆ?” ಎನ್ನುತ್ತಿದ್ದಳು.

ಮಂಜು ಕವಿದು ವಿಮಾನ ಮೇಲೇಳದ ದಿನಗಳಲ್ಲಿ ಪೈಲಟ್‌ಗಳು ಅವಳ ಮನೆಯಲ್ಲೇ ಉಣ್ಣುತ್ತಿದ್ದರು. ಒಮ್ಮೆ ಗಣಿಯ ಸಾಹೇಬನೊಬ್ಬ ಸಿಯಾಸಿಯ ಹಾಸಿಗೆಯಲ್ಲಿ ಗೊರಕೆ ಹೊಡೆದ. ಅವಳು ನೆಲದ ಮೇಲೆ ಮಲಗಿ ಹಲ್ಲು ಕಡಿದಳು.

“ಇವರೇನು ನಮ್ಮ ನೆಂಟರಾ?”

“ಮಂಜು ಬಿಡೋ ತನಕ ನೆಂಟರೇ. ಮಲಕೋ.”

ಬಂದವರಿಗೆಲ್ಲ ಬಡಿಸಿದರೂ ಅಲಾಸಿ ಒಂದನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಹಿಮಸಾರಂಗದ ನಾಲಿಗೆ ಬೆಂದರೆ ಅದರಲ್ಲಿ ಅರ್ಧ ಅಕಿನಿಸಿಗೆ. ಮಕ್ಕಳು ಎಷ್ಟು ಅತ್ತರೂ ಅದು ತಂಗಿಯ ಪಾಲು. ಬಟ್ಟಲಿಗೆ ಟವೆಲು ಸುತ್ತಿ, ಸಾರು ಚೆಲ್ಲದಂತೆ ತಾನೇ ಹಿಡಿದುಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು.

*

ವಿಮಾನ ಇಳಿಯಿತು. ಕೂಸನ್ನು ಕೋಟಿನ ಬೆನ್ನಿನ ಚೀಲದಲ್ಲಿ ಹಾಕಿಕೊಂಡ ಬಾಣಂತಿಯೊಬ್ಬಳು ಮೊದಲು ಬಂದಳು. ಅವಳ ಹಿಂದೆ, ಸೀಟು ಬಿಚ್ಚಿದ ಜಾಗದಲ್ಲಿ, ಪೆಟ್ಟಿಗೆ ಕಂಡಿತು. ಅದರ ಮೇಲೆ ಅಕಿನಿಸಿಯ ನೀಲಿ ಶಾಲು ಹೊದಿಸಿತ್ತು.

“ಚಿಕ್ಕಮ್ಮ ಎಲ್ಲಿ?”

ಪೈಲಟ್ ಟೋಪಿ ತೆಗೆದ. “ಗಣಿಯ ಸಾಮಾನೇ ಮೊದಲು ಅಂತ ಆಫೀಸಿಂದ ಇವತ್ತೂ ಹೇಳಿದ್ರು. ಪೆಟ್ಟಿಗೆ ಹಾಕೋಕೆ ಸೀಟು ಬಿಚ್ಚಬೇಕು, ಸೀಟು ಬಿಚ್ಚಿದ್ರೆ ಒಬ್ಬರು ಉಳೀಬೇಕು. ಅವರೇ ಉಳ್ಕೊಂಡ್ರು. ‘ಅಕ್ಕ ಹೋಗ್ಲಿ, ನನಗೇನು ಯಾರೂ ಗುಂಡಿ ತೋಡ್ಕೊಂಡು ಕಾಯ್ತಿಲ್ಲ’ ಅಂದ್ರು.”

ಸಿಯಾಸಿ ಅವನ ಕೋಟಿನ ಎದೆ ಹಿಡಿದಳು. “ಕಬ್ಬಿಣ ಇಳಿಸಿ ಅವಳನ್ನ ಹತ್ತಿಸೋಕೆ ಆಗ್ಲಿಲ್ವಾ ನಿಂಗೆ? ಮಂಜಲ್ಲಿ ಸಿಕ್ಕಾಗೆಲ್ಲ ನಿಮ್ಮೋರು ಈ ಪೆಟ್ಟಿಗೇಲಿರೋಳ ಕೈಯಲ್ಲಿ ತಿಂದ್ರಲ್ಲೋ!”

“ನಾನೂ ತಿಂದಿದ್ದೀನಿ,” ಎಂದ ಅವನು, ಮೆಲ್ಲಗೆ.

ಆ ಮಾತಿಗೆ ಅವಳ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಮಾಕುಸಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. “ಬಾ ಮಗಳೇ. ಅಕ್ಕನಿಗೆ ಚಳಿ ಆಗ್ತಿದೆ.”

ಪೆಟ್ಟಿಗೆಯನ್ನು ಹಿಮಬಂಡಿಯ ಹಿಂದಿನ ಜಾರುಬಂಡಿಗೆ ಕಟ್ಟಿದರು. ಕಟ್ಟುವಾಗ ಜೋಬಿ ಯಾರೂ ಹೇಳದೆ ಶಾಲಿನ ಅಂಚನ್ನು ಒಳಗೆ ಸೇರಿಸಿದ. ಗುಡ್ಡದ ಮೇಲೆ ಪೆಟ್ಟಿಗೆಯನ್ನು ಗುಂಡಿಗಿಳಿಸಿ ಪ್ರಾರ್ಥನೆ ಮುಗಿಸಿದರು. ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿದ್ದುದರಿಂದ ಗುಂಡಿಯ ಮೇಲೆ ಕಲ್ಲನ್ನೇ ಪೇರಿಸಿದರು. ತಲೆಯ ಕಡೆ, ತಂಗಿ ನಿಲ್ಲಬೇಕಿದ್ದ ಜಾಗವನ್ನು ಹಾಗೇ ಬಿಟ್ಟು ಉಳಿದವರು ಸುತ್ತ ನಿಂತರು.

ಸಾವಿನ ಊಟಕ್ಕೆ ಊರಿನ ಸಭಾಂಗಣದ ನೆಲದ ಮೇಲೆ ರಟ್ಟು ಹಾಸಿ ಮಾಂಸ, ಮೀನು ಹರಡಿದ್ದರು.

“ಆ ಪೈಲಟ್ ಹೊರಗೇ ನಿಂತಿದ್ದಾನೆ, ವಿಮಾನದ ಹತ್ರ. ಕರೀಲಾ?” ಎಂದ ಮಾಕುಸಿ.

“ನಿಂತ್ಕೊಳ್ಲಿ. ಹೆಪ್ಪುಗಟ್ಲಿ.”

ಮೂಲೆಯ ಪಾತ್ರೆಯಲ್ಲಿ ನಾಲಿಗೆ ಬೆಂದಿತ್ತು. ಮಕ್ಕಳು ಸುತ್ತ ಸೇರಿದ್ದರು. ಸಿಯಾಸಿ ಅದನ್ನು ಎತ್ತಿ ನಡುವೆ ಸರಿಯಾಗಿ ಕೊಯ್ದಳು. ಒಂದು ಹೋಳನ್ನು ಮಕ್ಕಳಿಗೆ ಬಿಟ್ಟು, ಇನ್ನೊಂದನ್ನು ಸಾರಿನ ಜೊತೆ ಡಬ್ಬಿಗೆ ಹಾಕಿ, ಅಮ್ಮನ ಟವೆಲು ಸುತ್ತಿ ಹೊರಟಳು.

ದಕ್ಷಿಣಕ್ಕೆ ವಾಪಸು ಹೊರಟ ಪೈಲಟ್ ವಿಮಾನ ಹತ್ತಲು ಒಂದು ಕಾಲು ಎತ್ತಿದ್ದ. ಅವಳನ್ನು ಕಂಡು ಇಳಿದ. ಪಕ್ಕದಲ್ಲಿದ್ದ ಜೋಬಿ ಎರಡು ಹೆಜ್ಜೆ ಹಿಂದೆ ಸರಿದ.

“ನನಗಾ?” ಎಂದ ಪೈಲಟ್.

“ಅಕಿನಿಸಿಗೆ. ತೂಕ ಜಾಸ್ತಿ ಆದ್ರೆ ನೀನು ಇಳ್ಕೋ.”

ಅವನು ಕೈಗವಸು ಕಳಚಿ ಎರಡೂ ಕೈ ಚಾಚಿದ. ಸಿಯಾಸಿ ಸಾರು ಚೆಲ್ಲದಂತೆ ಡಬ್ಬಿಯನ್ನು ನೆಟ್ಟಗೆ ಹಿಡಿದು, ಮೆಲ್ಲಗೆ ಅವನ ಬರಿಗೈಗಳಲ್ಲಿ ಇಟ್ಟಳು.