ಒಂದರಿಂದ ಶುರುವಾಗುವ ಟೇಪು

ನನ್ನ ಹೊಲಿಗೆ ಅಂಗಡಿಯ ಟೇಪಿಗೆ ಮೊದಲ ಇಂಚು ಇಲ್ಲ. ಅದು ಹರಿದುಹೋಗಿ ಹನ್ನೆರಡು ವರ್ಷವಾಯಿತು. ಒಂದರಿಂದ ಹಿಡಿದು ಅಳೆದು, ಬಂದ ಅಳತೆಯಲ್ಲಿ ಒಂದು ಕಳೆಯುತ್ತೇನೆ. ಹೊಸದು ತಗೋಬಾರದೇ ಎಂದವರಿಗೆಲ್ಲ, ಇದು ನನ್ನ ಕೈಗೆ ಪಳಗಿದೆ ಎಂದು ಹೇಳಿ ಕಳಿಸಿದ್ದೇನೆ. ನಮ್ಮವರಿಗೂ ಈ ವಿಷಯ ಹತ್ತು ಸಲ ಹೇಳಿದ್ದೇನೆ. ಅವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವರು.

ನಮ್ಮವರದು ಗಡಿಯಾರ ರಿಪೇರಿ. ಊರವರ ಗಡಿಯಾರವೆಲ್ಲ ಸರಿಯಾಗಿ ಓಡುತ್ತವೆ, ನಮ್ಮ ಅಡುಗೆಮನೆಯದು ಮಾತ್ರ ಮೂರು ತಿಂಗಳಿಂದ ನಾಲ್ಕು ಗಂಟೆಯಲ್ಲೇ ನಿಂತಿದೆ. ಮನೆಗೆ ಮಾರಿ, ಊರಿಗೆ ಉಪಕಾರಿ. ಅಂಥವರು ಒಂದು ದಿನ ಪ್ಲೈವುಡ್ ಹೊರಿಸಿಕೊಂಡು ಬಂದು, ಆರು ಮೂಲೆಯ ಪೋಕರ್ ಮೇಜು ಮಾಡುತ್ತೇನೆ ಎಂದರು.

"ಏನ್ರೀ, ಸಾಸಿವೆ ಕಾಳಷ್ಟು ಸ್ಕ್ರೂ ತಿರುಗಿಸೋ ಕೈಲಿ ಮೇಜು ಮಾಡ್ತೀರಾ?"

"ಅಣ್ಣನಿಗೋಸ್ಕರ ಕಣೇ."

ನಾನು ಪ್ಲೈವುಡ್ ಇಡಲು ನಡುಮನೆಯಲ್ಲಿ ಜಾಗ ಮಾಡಿದೆ.

ಅಣ್ಣ ಎಂದರೆ ನನ್ನ ಭಾವ. ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ನಾನು ಬಟ್ಟೆ ಕತ್ತರಿಸುವ ಹಲಗೆಯೂ ಅವರು ಮಾಡಿಕೊಟ್ಟದ್ದೇ. ಅದು ಒಂದಿಂಚು ಗಿಡ್ಡ. ಗೋಡೆಯ ಹತ್ತಿರ ಸಂದು ಉಳಿದು, ದಿನಕ್ಕೊಂದು ಸೂಜಿ ಅಲ್ಲಿ ಬೀಳುತ್ತದೆ. ಅವರ ಕೆಲಸದಲ್ಲಿ ನಾನು ಕಂಡ ತಪ್ಪು ಅದೊಂದೇ.

ಪ್ರತಿ ಭಾನುವಾರ ಮಧ್ಯಾಹ್ನ ಆರು ಜನ ನಮ್ಮ ನಡುಮನೆಯಲ್ಲಿ ಪೋಕರ್ ಆಡುತ್ತಿದ್ದರು. ಪಣಕ್ಕೆ ನನ್ನ ಅಂಗಡಿಯ ಗುಂಡಿಗಳು. ಒಂದು ಕೋಟಿನ ಗುಂಡಿಗೆ ಹತ್ತು ಅಂಗಿ ಗುಂಡಿ. ಭಾವ ಇಸ್ಪೀಟ್ ಎಲೆ ಹಿಡಿದು ಕೂತರೆ ಅವರ ಮುಖದಿಂದ ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಕೈ ನಡುಗತೊಡಗಿತು. ಎಲೆಗಳು ಜಾರಿ ಎಲ್ಲರಿಗೂ ಕಾಣುವಂತೆ ಬೀಳುತ್ತಿದ್ದವು. ಒಂದು ದಿನ ಜೊತೆಗೆ ಆಡುವ ಔಷಧಿ ಅಂಗಡಿಯವರು, "ಅಣ್ಣ ಈಗ ಧಾರಾಳಿ, ತೋರಿಸ್ಕೊಂಡೇ ಆಡ್ತಾರೆ" ಎಂದರು. ಎಲ್ಲರೂ ನಕ್ಕರು, ಭಾವನೂ ನಕ್ಕರು. ಮುಂದಿನ ಭಾನುವಾರದಿಂದ ಅವರು ಬರಲಿಲ್ಲ. ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದರು. ಅದೇ ಮೊಣಕಾಲಲ್ಲಿ ದಿನಾ ಮಾರುಕಟ್ಟೆ ಸುತ್ತುವುದನ್ನು ನಾನೇ ಕಂಡಿದ್ದೇನೆ. ಹೀಗೆ ನಾಲ್ಕು ತಿಂಗಳಾಗಿತ್ತು. ಭಾನುವಾರ ಬಂದರೆ ನಮ್ಮವರು ಆ ಖಾಲಿ ಕುರ್ಚಿಯನ್ನೇ ನೋಡುತ್ತಾ ಸೋಲುತ್ತಿದ್ದರು.

ಮೇಜಿನ ನಡುವಿನ ಹಸಿರು ಬಟ್ಟೆ ನನ್ನ ಪಾಲಿನ ಕೆಲಸ. ಕೆಳಗೆ ತೆಳು ಫೋಮ್ ಹಾಸಿ, ಒಂದು ಸುಕ್ಕಿಲ್ಲದಂತೆ ಎಳೆದು ಪಿನ್ನು ಹೊಡೆದೆ. ಬಟ್ಟೆಯ ಸುತ್ತ ಎಂಟಿಂಚು ಅಗಲದ ಮರದ ಪಟ್ಟಿ. ಅದರಲ್ಲಿ ಒಂದೇ ಕಡೆ ನಮ್ಮವರು ಗೇಣುದ್ದದ ಕಚ್ಚು, ಸೀಳಿನಂಥ ಸಣ್ಣ ಗಾಡಿ, ಕೊರೆದಿದ್ದರು. ಐದೂ ಎಲೆ ಅದರಲ್ಲಿ ನಿಲ್ಲಿಸಿದರೆ ಕೈಯಲ್ಲಿ ಹಿಡಿಯುವ ಕೆಲಸವೇ ಇಲ್ಲ.

"ಅಣ್ಣನ ಜಾಗ," ಎಂದು ಬೀಗಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಅವರ ಕೈ ನಡುಗುತ್ತೆ ಅಂತ ಬೋರ್ಡ್ ಬರೆದು ಹಾಕ್ದಂಗಾಯ್ತಲ್ರೀ! ಐದು ಜನ ಕೈಯಲ್ಲಿ ಹಿಡ್ಕೊಂಡು, ಅವರೊಬ್ರು ಇದರಲ್ಲಿ ಸಿಗಿಸ್ಬೇಕಾ? ಬಾಗಿಲಿಂದಲೇ ವಾಪಸ್ ಹೋಗ್ತಾರೆ, ನೋಡ್ತಿರಿ."

ಅವರ ಮುಖ ಸಪ್ಪಗಾಯಿತು. ಉಳಿಯನ್ನು ಅಂಗಿಗೆ ಒರೆಸತೊಡಗಿದರು. "ಹಾಗಾದ್ರೆ ಆರಕ್ಕೂ ಕೊರೀತೀನಿ," ಎಂದರು. ಆ ಕ್ಷಣ ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಹಾಳಾಗುತ್ತಿದ್ದ ಅಂಗಿಯ ಬಗ್ಗೆಯೂ ಬೈಯಲಿಲ್ಲ.

ಬಗ್ಗಿ ನೋಡಿದಾಗ ಗೊತ್ತಾಯಿತು. ಅಂಚಿನಿಂದ ಆರಿಂಚು ಒಳಗೆ ಇರಬೇಕಾದ ಕಚ್ಚು ಐದಕ್ಕೇ ಇತ್ತು. ಪಕ್ಕದಲ್ಲಿ ನನ್ನ ಟೇಪು ಬಿದ್ದಿತ್ತು.

"ನಿನ್ನ ಟೇಪೇ ಸರಿಯಿಲ್ಲ!" ಎಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಸಲ ನೆಲವೂ ಡೊಂಕಾಗಿಯೇ ಇತ್ತು, ಆದರೆ ನಾನು ಒಪ್ಪಿಕೊಳ್ಳಲಿಲ್ಲ. ಉಳಿದ ಐದನ್ನು ಸ್ಟೀಲ್ ಟೇಪು ಹಿಡಿದು ಸರಿಯಾಗಿ ಆರಿಂಚಿಗೇ ಕೊರೆದದ್ದಾಯಿತು. ತಪ್ಪಿದ ಜಾಗದಲ್ಲಿ ತಾವೇ ಕೂರುವುದು ಎಂದು ನಮ್ಮವರು ತೀರ್ಮಾನಿಸಿದರು.

ಭಾವನನ್ನು ಕರೆಯಲು ನಾನೇ ಹೋದೆ. ಪೋಕರಿನ ಮಾತೇ ಎತ್ತಲಿಲ್ಲ. "ಭಾವ, ನಿಮ್ಮ ತಮ್ಮ ಒಂದು ಮೇಜು ಮಾಡಿದ್ದಾರೆ, ಕಾಲು ಅಲ್ಲಾಡ್ತಿದೆ," ಎಂದೆ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ನಡುಮನೆಯಲ್ಲಿ ಎಲ್ಲರೂ ಎಲೆಗಳನ್ನು ಕಚ್ಚಿನಲ್ಲಿ ನಿಲ್ಲಿಸಿಕೊಂಡು ಕೂತಿದ್ದರು. ಔಷಧಿ ಅಂಗಡಿಯವರು ಎರಡೂ ಕೈ ಎತ್ತಿ, "ಏನ್ ಸುಖ ಅಣ್ಣ, ಕೈಗೆ ರಜಾ!" ಎಂದರು. ಅಂದು ಆಡಿದ ಮಾತಿಗೆ ಆ ಮನುಷ್ಯನಿಗೂ ನಾಲ್ಕು ತಿಂಗಳಿಂದ ನಿದ್ದೆ ಸರಿಯಾಗಿರಲಿಲ್ಲವೇನೋ ಎಂದು ನನಗೆ ಅನ್ನಿಸಿತು.

ಭಾವ ಮೇಜನ್ನು ಹಿಡಿದು ಅಲ್ಲಾಡಿಸಿದರು. "ಕಾಲು ಗಟ್ಟಿಯಾಗೇ ಇದೆಯಲ್ಲಮ್ಮ?" ನಾನು ಸೂರು ನೋಡಿದೆ.

ಅವರು ಕೂರಲಿಲ್ಲ. ಮೇಜಿನ ಸುತ್ತ ನಡೆಯುತ್ತಾ ಒಂದೊಂದು ಕಡೆಯೂ ನಡುಗುವ ಬೆರಳಲ್ಲಿ ಪಟ್ಟಿಯನ್ನು ಸವರಿದರು. ನಮ್ಮವರ ಜಾಗಕ್ಕೆ ಬಂದು ನಿಂತರು.

"ಇದನ್ನ ಅಳೆದೋರು ಯಾರು?"

"ನಾನಲ್ಲ," ಎಂದರು ನಮ್ಮವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಅವೆಲ್ಲ ಆರಿಂಚು, ಇದೊಂದು ಐದು." ಭಾವ ನನ್ನ ಕಡೆ ತಿರುಗಿದರು. "ನಿನ್ನ ಟೇಪಲ್ವೇನಮ್ಮ? ನಿನ್ನ ಹಲಗೆ ಕೊಯ್ಯೋವಾಗ ನಾನೂ ಅದನ್ನೇ ಹಿಡಿದಿದ್ದೆ. ಬಡಗಿ ಅನ್ನಿಸ್ಕೊಂಡು ಹೇಳೋಕೆ ನಾಚಿಕೆ ಆಯ್ತು, ಸುಮ್ಮನಿದ್ದೆ."

ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಬೆರಳು ಇನ್ನೂ ಆ ಕಚ್ಚಿನಲ್ಲೇ ಇತ್ತು.

"ಹಾಗಾದ್ರೆ ಇದೇ ಮೊದಲು ಕೊರೆದದ್ದು," ಎಂದರು ನಿಧಾನವಾಗಿ. "ಬಾಕಿ ಐದು ಆಮೇಲೆ."

ನಮ್ಮವರು ತಲೆ ತಗ್ಗಿಸಿ ಗುಂಡಿಗಳನ್ನು ಜೋಡಿಸುತ್ತಿದ್ದರು. ಎಲ್ಲ ಕೆಟ್ಟಿತು, ಇನ್ನು ಇವರು ಹೊರಟರು ಎಂದುಕೊಂಡು ನಾನು ಸೆರಗು ಹಿಂಡುತ್ತಾ ನಿಂತೆ.

ಭಾವ ತಮ್ಮನ ಹೆಗಲ ಮೇಲೆ ಕೈ ಇಟ್ಟರು. ಕೈ ನಡುಗುತ್ತಲೇ ಇತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

"ಏಳೋ," ಎಂದರು, "ನನ್ನ ಜಾಗದಲ್ಲಿ ಕೂತಿದ್ದೀಯ."